ಕರಿಹಾಳದ ಮೆತ್ತನೆ ಕುಸುಬಿ

ವತ್ಸಲಾ ಮುಳಗುಂದ ಸಹಿ ಹಾಕಬೇಕಾಗಿದ್ದ ಕಾಗದ ಒಂದೇ ಪುಟದ್ದು. ತಿರುಳು ಒಂದೇ ವಾಕ್ಯ: ‘ಕುಸುಬೆಯ ಹೊಸ ತಳಿ ಕ-೭ ಹಳೆಯ ತಳಿಗಿಂತ ಶೇಕಡಾ ಇಪ್ಪತ್ನಾಲ್ಕು ಹೆಚ್ಚು ಕಾಳು ಕೊಟ್ಟಿದೆ, ಅದಕ್ಕೆ ಕಾರಣ ಅದರೊಳಗೆ ಸೇರಿಸಿದ ಜೀನ್.’ ವಾಕ್ಯದ ಮೊದಲ ಅರ್ಧದ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಎರಡು ಹಂಗಾಮಿನ ರಾಶಿಯನ್ನೂ ಅವಳ ಕಣ್ಣೆದುರಿಗೇ ತೂಗಿದ್ದರು. ಗಂಟಲಲ್ಲಿ ಸಿಕ್ಕಿಕೊಂಡದ್ದು ಎರಡನೆಯ ಅರ್ಧ.

ಶನಿವಾರದೊಳಗೆ ಸಹಿ ಬೀಳಬೇಕಿತ್ತು. ಬಿದ್ದರೆ ಮುಂದಿನ ಹಿಂಗಾರಿಗೆ ಆ ಬೀಜ ನಾಲ್ಕು ಜಿಲ್ಲೆಗಳ ಎರೆಹೊಲಗಳಿಗೆ ಹೋಗುತ್ತದೆ. ವಿದೇಶದ ತಾಳೆ ಎಣ್ಣೆಯ ಹಡಗುಗಳು ನಿಂತು ಮೂರು ವರ್ಷವಾಗಿತ್ತು. ಮನೆಗೊಂದು ಎಣ್ಣೆ ಕಾರ್ಡು, ತಿಂಗಳಿಗೆ ಒಂದು ಲೀಟರು. ಗದಗಿನ ಮಿರ್ಚಿ ಅಂಗಡಿಗಳು ವಾರಕ್ಕೆ ಎರಡೇ ದಿನ ಬಾಣಲೆ ಇಡುತ್ತಿದ್ದವು. ಆ ದಿನ ಜನರ ಸಾಲು ಬಸ್ ನಿಲ್ದಾಣದ ತನಕ. ಕರಿಹಾಳದ ಎಣ್ಣೆಕಾಳು ಸಂಶೋಧನಾ ಕೇಂದ್ರದಲ್ಲಿ ಅಂಕಿಸಂಖ್ಯೆ ತಜ್ಞೆಯಾಗಿ ಹದಿನೆಂಟು ವರ್ಷ ಕಳೆದಿದ್ದ ವತ್ಸಲಾಳಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ಅಂಕಿಗಳು ಬೇರೆ ಏನನ್ನೋ ಹೇಳುತ್ತಿದ್ದವು.

ಕುಸುಬೆಯ ಹೂ ನಿಜಕ್ಕೂ ಒಂದು ಹೂವಲ್ಲ. ಮುಳ್ಳಿನ ಬಟ್ಟಲಿನಂಥ ತೆನೆಯೊಳಗೆ ಒತ್ತೊತ್ತಾಗಿ ನಿಂತ ಸಣ್ಣ ಹೂಗಳ ಗುಂಪು. ಒಂದು ಸಣ್ಣ ಹೂವಿಗೆ ಒಂದು ಕಾಳು. ತೆನೆ ಇನ್ನೂ ಬಟಾಣಿಯಷ್ಟಿರುವಾಗಲೇ ಗಿಡ ತನಗೆ ತಾನೇ ‘ಇಷ್ಟು ಹೂ ಸಾಕು’ ಎಂಬ ಸಂಕೇತ ಕೊಟ್ಟುಕೊಳ್ಳುತ್ತದೆ. ಯೋಜನೆಯ ಮುಖ್ಯಸ್ಥ ಡಾ. ಪ್ರಹ್ಲಾದ ಕಟ್ಟಿಯವರು ಸೇರಿಸಿದ ಜೀನ್ ಆ ಸಂಕೇತವನ್ನು ನಾಲ್ಕು ದಿನ ತಡೆಯಬೇಕು. ಆಗ ತೆನೆಯೊಳಗೆ ಮೂವತ್ತೊಂದರ ಬದಲು ನಲವತ್ತು ಕಾಳು. ಜೀನಿನ ಬೆನ್ನಿಗೆ ಒಂದು ಸ್ವಿಚ್ಚನ್ನೂ ಕಟ್ಟಿದ್ದರು: ಅದು ತೆನೆಯಲ್ಲಿ ಮಾತ್ರ ಎಚ್ಚರವಾಗಿರಬೇಕು, ಎಲೆ, ಕಾಂಡ, ಬೇರುಗಳಲ್ಲಿ ಮಲಗಿರಬೇಕು. ಬಯಲಲ್ಲಿ ಬೆಳೆಸಲು ಪರವಾನಗಿ ಸಿಕ್ಕಿದ್ದೇ ಈ ಮಾತಿನ ಮೇಲೆ.

ಕಾಳು ಹೆಚ್ಚಿದ್ದು ನಿಜ. ಆದರೆ ವತ್ಸಲಾ ತೆನೆ ಬಿಡಿಸಿ ಎಣಿಸಿದ ಲೆಕ್ಕದಲ್ಲಿ ತೆನೆಯೊಳಗಿನ ಕಾಳು ಹಳೆಯ ತಳಿಯಲ್ಲಿ ಮೂವತ್ತೊಂದು, ಕ-೭ರಲ್ಲೂ ಮೂವತ್ತೊಂದು. ಹೆಚ್ಚಾದದ್ದು ತೆನೆಗಳ ಸಂಖ್ಯೆ. ಹಳೆಯದರಲ್ಲಿ ಗಿಡಕ್ಕೆ ಇಪ್ಪತ್ತೊಂದು, ಹೊಸದರಲ್ಲಿ ಇಪ್ಪತ್ತಾರು. ಹೊಸ ಒಲೆ ತಂದಮೇಲೆ ಅಡುಗೆ ಬೇಗ ಆಗುತ್ತಿದೆ ಎಂದು ಎಲ್ಲರೂ ಹೊಗಳುತ್ತಿದ್ದಾರೆ, ಹೋಗಿ ನೋಡಿದರೆ ಒಲೆಯನ್ನು ಇನ್ನೂ ಹೊತ್ತಿಸಿಯೇ ಇಲ್ಲ. ಹಾಗಿತ್ತು ಇದು.

ಮಂಗಳವಾರ ಬೆಳಗ್ಗೆ ಅವಳು ಕಟ್ಟಿಯವರ ಕೋಣೆಗೆ ಹೋದಳು. ಕಟ್ಟಿಯವರು ಯಾರು ಬಂದರೂ ಎದ್ದು ನಿಂತು, ಚಹಾ ತರಿಸಿ, ಆಮೇಲೆ ಕೂಡುವ ಮನುಷ್ಯ. ಅವತ್ತೂ ಹಾಗೇ ಮಾಡಿದರು.

“ವತ್ಸಲಾ ಅವರ, ರೈತಗ ಕಾಳು ಹೆಚ್ಚ ಬಂದ್ರ ಆತು. ತೆನಿ ಹೆಚ್ಚಾತೋ, ತೆನಿಯೊಳಗಿಂದು ಹೆಚ್ಚಾತೋ, ಅವಗ ಏನ್ ಆಗಬೇಕಾಗೇದ?”

“ಈ ಜೀನ್ ತೆನಿ ಹೆಚ್ಚ ಮಾಡ್ತೈತಿ ಅಂತ ಹದಿನಾಲ್ಕು ವರ್ಷದಾಗ ನೀವು ಎಲ್ಲೂ ಬರದಿಲ್ಲ ಸರ್.”

“ಜೀವ ಇದ್ದ ಗಿಡ. ನಮ್ಮನ್ನ ಕೇಳಿ ಎಲ್ಲಾ ಮಾಡ್ತದೇನು?”

“ಹಂಗಂತ ಎರಡೂ ವರ್ಷ, ಹನ್ನೆರಡೂ ಮಡಿಯೊಳಗ ಒಂದ ನಮೂನಿ ಮಾಡ್ತೈತೇನ್ರಿ?”

ಕಟ್ಟಿಯವರು ಬಟ್ಟಲನ್ನು ಕೆಳಗಿಟ್ಟರು. “ಒಂದು ಮಾತು ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಿಮಗ ಯಾರರೆ ಫೋನ್ ಮಾಡ್ಯಾರೇನು? ಈ ಬೀಜ ಹೊರಗ ಬಂದ್ರ ಲುಕ್ಸಾನ ಆಗೋ ಮಂದಿ ಭಾಳ ಅದಾರ.”

ಚಹಾ ತಣ್ಣಗಾಯಿತು. ವತ್ಸಲಾ ಅದನ್ನು ಕುಡಿಯದೆ ಎದ್ದು ಬಂದಳು. ತನ್ನ ಮೇಲೆ ಬಂದ ಅನುಮಾನಕ್ಕಿಂತ ತನ್ನೊಳಗೆ ಎದ್ದ ಅನುಮಾನ ಅವಳನ್ನು ಹೆಚ್ಚು ಕಾಡಿತು. ಪ್ರಯೋಗದ ಹೊಲದಲ್ಲಿ ಇಪ್ಪತ್ನಾಲ್ಕು ಮಡಿಗಳಿದ್ದವು. ಹನ್ನೆರಡರಲ್ಲಿ ಹಳೆಯ ತಳಿ, ಹನ್ನೆರಡರಲ್ಲಿ ಕ-೭, ಎಲ್ಲ ಕಲೆಸಿಟ್ಟದ್ದು. ಯಾವುದರಲ್ಲಿ ಯಾವುದು ಎಂಬ ಪಟ್ಟಿ ಕಟ್ಟಿಯವರ ಕಪಾಟಿನಲ್ಲಿ ಮೊಹರು ಹಾಕಿದ ಲಕೋಟೆಯೊಳಗೆ. ನೀರು ಬಿಡುವವರಿಗೆ, ಕಳೆ ತೆಗೆಯುವವರಿಗೆ, ತೂಗುವವರಿಗೆ, ಅವಳಿಗೂ, ಬರೀ ನಂಬರು ಗೊತ್ತು. ತೂಕ ಮುಗಿದ ಮೇಲಷ್ಟೇ ಲಕೋಟೆ ಒಡೆದಿದ್ದರು. ಈ ವರ್ಷದ ಬಿತ್ತನೆಯೂ ಅದೇ ಮಡಿಗಳಲ್ಲಿ, ಅದೇ ಪಟ್ಟಿಯಂತೆ ಆಗಿತ್ತು. ಹನ್ನೆರಡು ಮಡಿಗಳಿಗೆ ಮಾತ್ರ ಯಾರೋ ಒಂದು ಕೈ ಹೆಚ್ಚು ಗೊಬ್ಬರ ಎಸೆದಿದ್ದರೆ? ಹಾಗೆ ಎಸೆಯಬೇಕಾದರೆ ಪಟ್ಟಿ ಗೊತ್ತಿರಬೇಕು. ಪಟ್ಟಿ ಗೊತ್ತಿದ್ದದ್ದು ಒಬ್ಬರಿಗೇ.

ಮಧ್ಯಾಹ್ನ ಅವಳು ನಿಗಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ರತಿ ಮಡಿಯ ಮೂಲೆಗೊಂದು ಕಂಬ, ಕಂಬದ ಮೇಲೊಂದು ಕ್ಯಾಮೆರಾ. ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದು, ಎಲೆಯ ಅಳತೆ ಮಾಡಿ, ಅಂಕಿಯನ್ನಷ್ಟೇ ಕಳಿಸುತ್ತಿತ್ತು. ಗೊಬ್ಬರ ಹೆಚ್ಚು ಬಿದ್ದಿದ್ದರೆ ಎಲೆಯ ಹಸಿರು ಹೇಳುತ್ತಿತ್ತು. ಹಸಿರು ಎಲ್ಲ ಮಡಿಗಳಲ್ಲೂ ಒಂದೇ. ನೀರಿನ ಮೀಟರೂ ಒಂದೇ. ಕಟ್ಟಿಯವರ ಮೇಲಿನ ಗುಮಾನಿ ಅರ್ಧ ಕರಗಿತು.

ಆಗ ಅವಳ ಕಣ್ಣು ಪರದೆಯ ಮೂಲೆಯ ಒಂದು ಸಾಲಿನ ಮೇಲೆ ಬಿತ್ತು: ‘ತಿರಸ್ಕೃತ ಚಿತ್ರಗಳು’. ಚಿತ್ರದಲ್ಲಿ ಮನುಷ್ಯರು ಕಂಡರೆ ಎಲೆಯ ಅಳತೆ ತಪ್ಪುತ್ತದೆಂದು ಕಂಪ್ಯೂಟರ್ ಅಂಥ ಚಿತ್ರವನ್ನು ತಾನಾಗಿಯೇ ಪಕ್ಕಕ್ಕೆ ಸರಿಸುತ್ತಿತ್ತು. ನಿಯಮದ ಪ್ರಕಾರ ಅವನ್ನು ಅಳಿಸುವಂತಿಲ್ಲ. ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ವತ್ಸಲಾಳೂ ನೋಡಲಿಲ್ಲ, ಮೊದಲು ಎಣಿಸಿದಳು. ಹಿಂದಿನ ಎರಡೂ ಹಂಗಾಮಿನಲ್ಲಿ, ಬಿತ್ತಿದ ಇಪ್ಪತ್ನಾಲ್ಕನೆಯ ದಿನದಿಂದ ಮೂವತ್ನಾಲ್ಕನೆಯ ದಿನದ ತನಕ ಹನ್ನೆರಡು ಮಡಿಗಳಲ್ಲಿ ಇಂಥ ಚಿತ್ರಗಳು ಉಳಿದವುಗಳ ಮೂರು ಪಟ್ಟು ಇದ್ದವು. ಲಕೋಟೆಯಿಂದ ತೆಗೆದ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದಳು. ಹನ್ನೆರಡಕ್ಕೆ ಹನ್ನೆರಡೂ ಕ-೭ರ ಮಡಿಗಳು.

ಚಿತ್ರ ತೆರೆದರೆ ಹೆಂಗಸರ ಬೆನ್ನುಗಳು. ತಲೆಗೆ ಟವೆಲು ಸುತ್ತಿಕೊಂಡು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಬಾಗಿದ ಹದಿನಾಲ್ಕು ಬೆನ್ನುಗಳು. ಕೈಗಳು ಕಾಣುತ್ತಿರಲಿಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ, ಅದೇ ಹೆಂಗಸರು, ಅದೇ ಹನ್ನೆರಡು ಮಡಿ.

ಕಟ್ಟಿಯವರ ಮೇಲಿನ ಗುಮಾನಿ ಕರಗಿದಷ್ಟೇ ವೇಗದಲ್ಲಿ ಮತ್ತೆ ಹೆಪ್ಪುಗಟ್ಟಿತು. ಓದು ಬರಹ ಬಾರದ ಹೆಂಗಸರಿಗೆ ಮೊಹರಿನ ಲಕೋಟೆಯೊಳಗಿನ ಪಟ್ಟಿ ಹೇಗೆ ಗೊತ್ತಾಯಿತು?

ಬುಧವಾರ ಬೆಳಗ್ಗೆ ಅವಳು ಹೊಲಕ್ಕಿಳಿದಳು. ಈ ವರ್ಷದ ಕುಸುಬೆ ಗೇಣುದ್ದ ಬಂದಿತ್ತು. ಬಿತ್ತಿ ಇಪ್ಪತ್ತಾರು ದಿನ. ಹೆಂಗಸರ ಗುಂಪಿಗೆ ಮುಂದಾಳು ಫಕೀರವ್ವ. ಐವತ್ತರ ಆಚೆಯ, ಕಡ್ಡಿಯಂಥ ಹೆಂಗಸು. ಕೇಂದ್ರ ಶುರುವಾದಾಗಿನಿಂದ ಅಲ್ಲೇ ದುಡಿಯುತ್ತಿದ್ದಳು. ವತ್ಸಲಾಳನ್ನು ಕಂಡೊಡನೆ ಹಾಡು ನಿಂತಿತು.

“ಮೇಡಮ್ಮಾರು ಎರಿಹೊಲಕ್ಕ ಬಂದಾರ, ಚಪ್ಪಲಿ ತಗೀರಿ, ಇಲ್ಲಂದ್ರ ಮಣ್ಣು ತನ್ನ ಹತ್ರಾನ ಇಟ್ಕೊಂತೈತಿ,” ಎಂದಳು ಫಕೀರವ್ವ.

“ಏಳನೇ ನಂಬರ್ ಮಡಿಯೊಳಗ ನೀವು ಅಷ್ಟೊತ್ತು ಏನ್ ಮಾಡ್ತೀರಿ, ಫಕೀರವ್ವ?”

“ಕಳಿ ತಗೀತೀವ್ರಿ.”

“ಎಂಟನೇದ್ರಾಗ ಬರೇ ಹತ್ತು ನಿಮಿಷಕ್ಕ ಮುಗಿಸ್ತೀರಲ್ಲ?”

“ಕಳಿ ಹೆಚ್ಚಿದ್ದಲ್ಲಿ ಹೊತ್ತು ಹೆಚ್ಚ ಹಿಡಿತೈತ್ರಿ. ಕಳಿಗೆ ನಿಮ್ಮ ನಂಬರ್ ಓದಾಕ ಬರೂದಿಲ್ಲಲ್ಲ.” ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

“ಕಟ್ಟಿ ಸಾಹೇಬ್ರು ನಿಮಗ ಏನರೆ ಹೇಳ್ಯಾರೇನು?”

“ಕಟ್ಟಿ ಸಾಹೇಬ್ರು?” ಫಕೀರವ್ವ ನಿಜಕ್ಕೂ ಬೆರಗಾದಂತೆ ಕಂಡಳು. “ಅವರು ಹೊಲಕ್ಕ ಬಂದ್ರ ನಮಸ್ಕಾರ ಅಂತಾರ, ಹೋಗ್ತಾರ. ಕೈಗೆ ರಬ್ಬರ ಚೀಲ ಹಾಕ್ಕೊಂಡ ಬರ್ತಾರ್ರಿ ಪಾಪ.”

ಫಕೀರವ್ವನ ಉಡಿ ಉಬ್ಬಿತ್ತು. ವತ್ಸಲಾ ಅದರ ಕಡೆ ನೋಡಿದ್ದನ್ನು ನೋಡಿ ಅವಳು ಸೆರಗನ್ನು ಅದರ ಮೇಲೆ ಎಳೆದುಕೊಂಡಳು. “ರೊಟ್ಟಿ ಗಂಟ್ರಿ,” ಎಂದಳು, ಕೇಳುವ ಮೊದಲೇ.

ಒಬ್ಬ ಹೆಂಗಸಿನ ಉಡಿ ಬಿಚ್ಚಿಸಿ ನೋಡುವ ಅಧಿಕಾರ ತನಗಿದೆಯೇ ಎಂದು ವತ್ಸಲಾ ಒಂದು ಗಳಿಗೆ ಯೋಚಿಸಿದಳು. ಇತ್ತು. ಬಳಸಲು ಮನಸ್ಸಾಗಲಿಲ್ಲ. ಹಿಂದಿರುಗಿದಳು.

ಆ ಸಂಜೆ ಗದಗಿನ ಮನೆಯಲ್ಲಿ ಅತ್ತೆ ನೀಲವ್ವ ಅಡುಗೆಮನೆಯ ಕಿಟಕಿ ಬಳಿ ಕುಸುಬೆ ಸೊಪ್ಪು ಸೋಸುತ್ತ ಕೂತಿದ್ದರು. ಎಣ್ಣೆ ಕಾರ್ಡು ಬಂದಮೇಲೆ ಮನೆಯಲ್ಲಿ ಒಗ್ಗರಣೆ ಚಮಚದ ತುದಿಗೆ ಇಳಿದಿತ್ತು. ಒಂದು ಹಿಡಿ ತೊಗರಿಬೇಳೆ ಹಾಕಿ ಬೇಯಿಸಿದರೆ ಎಣ್ಣೆ ಬೇಡದ ಪಲ್ಯಗಳಲ್ಲಿ ಕುಸುಬೆಯದೇ ಮೊದಲ ಹೆಸರು. ಗಂಡ ಮೌನೇಶ ಗಾಳಿಯಂತ್ರಗಳ ನಿಯಂತ್ರಣ ಕೇಂದ್ರದಿಂದ ಬಂದು ಬಾಗಿಲಲ್ಲೇ ನಿಂತು ಮೂಸಿದ.

“ಇವತ್ತೂ ಪಲ್ಲೇನ ಏನವ್ವಾ? ನಾವು ಮನ್ಶಾರೋ ಆಡೋ?”

“ಆಡಾದ್ರ ಇಷ್ಟ ಮಾತಾಡ್ತಿದ್ದಿಲ್ಲ,” ಎಂದರು ನೀಲವ್ವ. ಒಂದು ಎಲೆಯನ್ನು ಬೆರಳ ನಡುವೆ ಹೊಸಕಿ ಮುಖ ಹುಳ್ಳಗೆ ಮಾಡಿದರು. “ಪ್ಯಾಟಿ ಸೊಪ್ಪು ಮಗಾ ಇದು, ಉರುಟು. ಅಂಚಿನ ಮುಳ್ಳು ಈಗನ ನಾಲಿಗಿಗೆ ಹತ್ತತೈತಿ. ವತ್ಸಲಾ, ಹ್ವಾದ ವರ್ಷ ನಿಮ್ಮ ಫಕೀರವ್ವ ಡ್ರೈವರ್ ಕೈಯಾಗ ಎರಡು ಸೂಡು ಕೊಟ್ಟ ಕಳಿಸಿದ್ಲು ನೋಡು, ಅದು ಬೆಣ್ಣಿ ಇದ್ದಂಗ ಇತ್ತು. ಒಂದ ಚೂರು ಕಹಿ ಇಲ್ಲ. ಈ ಸಲ ಯಾಕ ಕಳಿಸಲಿಲ್ಲ ಆಕಿ?”

ವತ್ಸಲಾ ಕೈಕಾಲು ತೊಳೆದು ಒಳಗೆ ಬರುತ್ತಿದ್ದವಳು ನಿಂತಳು.

“ಅತ್ತೆವ್ವಾ, ಕುಸುಬಿ ಸೊಪ್ಪು ಅಂದ್ರ ಎಲಿ ಹರೀತಾರೋ, ಕುಡಿ ಚಿವುಟತಾರೋ?”

“ಕುಡೀನ. ಎಳೀದು ಇರೂದು ಅಲ್ಲೇ ಅಲ್ಲ? ಇದನ್ನೂ ನಿನ್ನ ಕಾಲೇಜಿನ್ಯಾಗ ಕಲಸಲಿಲ್ಲೇನು?”

“ಕುಡಿ ಚಿವುಟಿದ ಮ್ಯಾಲ ಗಿಡಾ ಏನಾಗತೈತಿ?”

“ಏನಾಗತೈತಿ, ಟಿಸಲ ಒಡಿತೈತಿ. ಒಂದು ಕುಡಿ ಇದ್ದಲ್ಲಿ ನಾಕು ಬರ್ತಾವ. ನಮ್ಮಪ್ಪ ಕಡ್ಲಿಗೂ ಹಂಗ ಮಾಡಿಸ್ತಿದ್ದ.”

ಟಿಸಿಲು ಹೆಚ್ಚಿದರೆ ಟಿಸಿಲಿನ ತುದಿಯ ತೆನೆ ಹೆಚ್ಚು. ಇಪ್ಪತ್ತೊಂದರ ಜಾಗದಲ್ಲಿ ಇಪ್ಪತ್ತಾರು. ಕುಡಿ ಚಿವುಟುವ ಲಾಭ ವತ್ಸಲಾ ಓದದ ಸಂಗತಿಯೇನಲ್ಲ, ಪುಸ್ತಕದಲ್ಲಿ ಅರ್ಧ ಪುಟವಿದೆ. ಬೇಲಿ, ಕ್ಯಾಮೆರಾ, ಮೊಹರು ಇರುವ ಹೊಲದಲ್ಲಿ ಯಾರಾದರೂ ಪಲ್ಯಕ್ಕೆ ಸೊಪ್ಪು ಹರಿಯುತ್ತಾರೆಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಆಮೇಲಷ್ಟೇ ಎರಡನೆಯ ವಿಚಾರ ಹೊಳೆಯಿತು. ಹೋದ ವರ್ಷದ ಆ ಎರಡು ಸೂಡನ್ನು ಈ ಅಡುಗೆಮನೆಯಲ್ಲಿ ಬೇಯಿಸಿ ಮೂವರೂ ಉಂಡಿದ್ದರು. ತಿನ್ನಲು ಯಾರೂ ಒಪ್ಪಿಗೆ ಕೊಟ್ಟಿರದ ಗಿಡ. ವತ್ಸಲಾ ಎರಡನೆಯ ಸಲ ಬಡಿಸಿಕೊಂಡದ್ದು ಅವಳಿಗೆ ನೆನಪಿತ್ತು.

ಗುರುವಾರ ಊಟದ ಬಿಡುವಿನಲ್ಲಿ ಫಕೀರವ್ವ ಸಾಮಾನಿನ ಕೊಠಡಿಯ ನೆರಳಲ್ಲಿ ಒಬ್ಬಳೇ ಕೂತಿದ್ದಳು. ವತ್ಸಲಾ ಹೋಗಿ ಎದುರಿಗೆ ನೆಲದ ಮೇಲೆ ಕೂತಳು.

“ನಾನೂ ತಿಂದೀನಿ ಫಕೀರವ್ವ. ಹ್ವಾದ ವರ್ಷ. ಮನಿ ಮಂದಿ ಎಲ್ಲಾ ತಿಂದೀವಿ.”

ಫಕೀರವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ತುಂಡನ್ನು ಗಂಟಿನ ಬಟ್ಟೆಯ ಮೇಲಿಟ್ಟಳು. “ಮೊದಲಿನ ಸೊಪ್ಪು ಸಾಹೇಬ್ರ ಮನಿಗೆ ಕೊಟ್ಟು ತಿನ್ನಬೇಕಂತ ನಮ್ಮವ್ವ ಹೇಳತಿದ್ಲು,” ಎಂದಳು ಕೊನೆಗೆ. “ನಮಗ ಅದು ಬ್ಯಾರೇ ಗಿಡಾ ಅಂತ ಗೊತ್ತಿಲ್ಲ ಅಂತ ಹೇಳೂದಿಲ್ರಿ. ಬೋರ್ಡ್ ಐತಿ. ಎಲಿ ಹರಿಬ್ಯಾಡ್ರಿ ಅಂತ ನೀವೂ ಹೇಳೀರಿ. ಆದ್ರ ಎಣ್ಣಿ ಇಲ್ಲ, ಮನ್ಯಾಗ ಏಳು ಮಂದಿ. ಕಣ್ಣ ಮುಂದ ಹಸರು.”

“ಹಸರು ಇಪ್ಪತ್ನಾಲ್ಕು ಮಡಿಯೊಳಗೂ ಐತಿ. ಆ ಹನ್ನೆರಡರಾಗ ಯಾಕ?”

“ಅವು ಮೆತ್ತಗ ಅದಾವ್ರಿ. ಉಳಿದದ್ದು ಉರುಟು.”

“ಯಾರು ಹೇಳಿದ್ರು?”

ಫಕೀರವ್ವ ವತ್ಸಲಾಳನ್ನು ಅನುಕಂಪದಿಂದ ನೋಡಿ ಬಲಗೈಯನ್ನು ಎತ್ತಿ ತೋರಿಸಿದಳು. ಹೆಬ್ಬೆರಳು, ತೋರುಬೆರಳ ತುದಿ ಮೂವತ್ತು ವರ್ಷದ ಹಸಿರಿಗೆ ಕಪ್ಪಾಗಿದ್ದವು. “ಇದಕ್ಕ ಯಾರ್ ಹೇಳಬೇಕ್ರಿ?”

ಲಕೋಟೆ ಎರಡೂ ವರ್ಷ ಕಪಾಟಿನಲ್ಲೇ ಇತ್ತು, ಮೊಹರು ಸುರಕ್ಷಿತವಾಗಿಯೇ ಇತ್ತು. ಅದರೊಳಗಿನ ಗುಟ್ಟು ಬಿತ್ತಿದ ಇಪ್ಪತ್ನಾಲ್ಕನೆಯ ದಿನಕ್ಕೇ ಹದಿನಾಲ್ಕು ಹೆಂಗಸರ ಬೆರಳಿಗೆ ಗೊತ್ತಾಗಿತ್ತು. ಎಲೆ ಮೆತ್ತಗಾಗಿದೆ ಎಂದರೆ ಎಲೆಯೊಳಗೆ ಏನೋ ನಡೆಯುತ್ತಿದೆ ಎಂದರ್ಥ. ತೆನೆಯಲ್ಲಿ ಮಾತ್ರ ಎಚ್ಚರವಾಗಬೇಕಿದ್ದ ಜೀನ್ ತೆನೆಯಲ್ಲಿ ಮಲಗಿದೆ, ಎಳೆ ಎಲೆಯಲ್ಲಿ ಎದ್ದು ಕೂತಿದೆ. ಎಲೆಯಲ್ಲಿ ಅದು ಮುಳ್ಳನ್ನಷ್ಟೇ ತಡೆಯುತ್ತದೆಯೇ, ಇನ್ನೇನನ್ನಾದರೂ ಮಾಡುತ್ತದೆಯೇ, ಯಾರೂ ನೋಡಿಲ್ಲ.

“ನಮ್ಮನ್ನ ತಗದ ಹಾಕ್ತಾರೇನ್ರಿ?” ಫಕೀರವ್ವ ಕೇಳಿದಳು.

ವತ್ಸಲಾಳಿಗೆ ಸುಳ್ಳು ಹೇಳಲು ಬರಲಿಲ್ಲ.

ಕಟ್ಟಿಯವರು ಇಡೀ ವೃತ್ತಾಂತವನ್ನು ನಿಂತೇ ಕೇಳಿದರು. ಈ ಸಲ ಚಹಾ ತರಿಸಲಿಲ್ಲ. “ಎಲಿ ತಪಾಸಣಾ ಆಗೇದ. ಅರವತ್ತನೇ ದಿನದ ಎಲಿ, ಮೂರು ಸಲ. ಜೀನಿನ ಸುಳಿವು ಇಲ್ಲ.”

“ಅವರು ತಿನ್ನೂದು ಅರವತ್ತನೇ ದಿನದ್ದಲ್ಲ ಸರ್. ಇಪ್ಪತ್ತೈದನೇ ದಿನದ್ದು.”

“ಇಪ್ಪತ್ತೈದನೇ ದಿನದ ಎಲಿ ಯಾಂವ ತಪಾಸಣಾ ಮಾಡ್ತಾನ?” ಅಂದರು. ಮತ್ತೆ ದನಿ ತಗ್ಗಿಸಿ, “ಕೂಲಿ ಹೆಣ್ಮಕ್ಕಳ ಬೆರಳು ನಂಬಿ ಹದಿನಾಲ್ಕು ವರ್ಷದ ಕೆಲಸ ಬಿಡಬೇಕಂತೀರಿ. ಆಕಿಗೆ ಪಟ್ಟಿ ತೋರಿಸಿದವರು ಯಾರು ಅಂತ ನಾ ಕೇಳಿದ್ರ? ಲಕೋಟಿ ಒಡದ ಮ್ಯಾಲ ಪಟ್ಟಿ ಇದ್ದದ್ದು ನಿಮ್ಮ ಹತ್ರ.”

ಅಂದು ಮಧ್ಯಾಹ್ನವೇ ಹದಿನಾಲ್ಕು ಹೆಂಗಸರನ್ನು ಕೆಲಸದಿಂದ ತೆಗೆಯುವ ಆದೇಶದ ಕರಡು ಸಿದ್ಧವಾಯಿತು. ವತ್ಸಲಾ ತನ್ನ ಟಿಪ್ಪಣಿಯನ್ನು ನೇರವಾಗಿ ತಪಾಸಣಾ ಸಮಿತಿಗೆ ಕಳಿಸಿದಳು. ಎಳೆ ಎಲೆಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರೆ ಉತ್ತರ ಬರಲು ಒಂಬತ್ತು ದಿನ. ಸಹಿಗೆ ಉಳಿದದ್ದು ಎರಡು ದಿನ.

ಶನಿವಾರ ಬೆಳಗ್ಗೆ ಸಮಿತಿಯ ಅಧ್ಯಕ್ಷ ಡಾ. ನಂಜರಾಜಯ್ಯ ಬಂದರು. ಮೈಸೂರಿನ ಕಡೆಯವರು, ಸಸ್ಯಶಾಸ್ತ್ರದಲ್ಲಿ ಹಣ್ಣಾದವರು, ಯಾರನ್ನೂ ನಂಬುವ ಮನುಷ್ಯನಲ್ಲ ಎಂದು ಹೆಸರಾದವರು. ಕಟ್ಟಿಯವರನ್ನೂ ನಂಬಲಿಲ್ಲ, ವತ್ಸಲಾಳನ್ನೂ ನಂಬಲಿಲ್ಲ. ತಾವೇ ಹೊಲಕ್ಕಿಳಿದು ಎಲೆ ಕಿತ್ತು ಇಪ್ಪತ್ತು ಕಾಗದದ ಪೊಟ್ಟಣ ಕಟ್ಟಿ, ತಮ್ಮದೇ ನಂಬರು ಬರೆದು, ಪಟ್ಟಿಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು. ಬೀಜದ ಕೋಣೆಯ ಉದ್ದನೆಯ ಮೇಜಿನ ಮೇಲೆ ಪೊಟ್ಟಣಗಳನ್ನು ಸಾಲಾಗಿ ಇಟ್ಟರು.

“ಬಾಮ್ಮ,” ಎಂದರು ಫಕೀರವ್ವನಿಗೆ. “ಇದ್ರಲ್ಲಿ ಮೆತ್ತಗಿರೋದು ಯಾವ್ದು, ಒರಟಾಗಿರೋದು ಯಾವ್ದು, ಬೇರೆ ಮಾಡಿ. ಕಣ್ಣಿಗೆ ಬಟ್ಟೆ ಕಟ್ತೀವಿ. ಬೇಜಾರು ಮಾಡ್ಕೋಬೇಡಿ.”

“ಕಟ್ರಿ. ಪಲ್ಲೇಕ ಹರಿವಾಗ ಕಣ್ಣು ಎಲ್ಲಿ ನೋಡ್ತಾವು, ಮುಕಾದಮ ಬಂದನೇನು ಅಂತ ದಾರಿ ನೋಡ್ತಿರ್ತಾವು.”

ಅಧ್ಯಕ್ಷರು ನಗಲಿಲ್ಲ. ವತ್ಸಲಾಳಿಗೆ ಒಂದು ಮಾತು ಎದೆಯಲ್ಲಿ ಚುಚ್ಚುತ್ತಿತ್ತು. ಫಕೀರವ್ವ ತಪ್ಪು ಆರಿಸಿದರೆ ತನ್ನ ಟಿಪ್ಪಣಿ ಕಸದ ಬುಟ್ಟಿಗೆ, ಬೀಜ ಹೊಲಗಳಿಗೆ. ಸರಿಯಾಗಿ ಆರಿಸಿದರೆ ಅದೇ ಅವಳ ತಪ್ಪೊಪ್ಪಿಗೆ. ಯಾವ ಕಡೆಯಿಂದ ನೋಡಿದರೂ ಅವಳ ಕೆಲಸ ಉಳಿಯುವುದಿಲ್ಲ. ಫಕೀರವ್ವನಿಗೂ ಇದು ಗೊತ್ತಿತ್ತು. ಆದರೂ ಒಂದೊಂದೇ ಪೊಟ್ಟಣದೊಳಗೆ ಕೈಯಿಟ್ಟು, ಎಲೆಯನ್ನು ಒಮ್ಮೆ ಸವರಿ, ಮೆತ್ತಗಿದ್ದರೆ ಎಡಕ್ಕೆ, ಉರುಟಿದ್ದರೆ ಬಲಕ್ಕೆ ಸರಿಸುತ್ತ ಹೋದಳು. ಹದಿನೆಂಟನೆಯದಕ್ಕೆ ಬಂದಾಗ ಕೈ ನಿಂತಿತು. ಸವರಿದಳು, ಮೂಸಿದಳು, ಮತ್ತೆ ಸವರಿದಳು. ಅದನ್ನು ಎಡಕ್ಕೂ ಇಡದೆ ಬಲಕ್ಕೂ ಇಡದೆ ಮೇಜಿನ ನಡುವೆ ಬಿಟ್ಟು ಮುಂದಿನದಕ್ಕೆ ಹೋದಳು.

ಕಣ್ಣಿನ ಬಟ್ಟೆ ಬಿಚ್ಚಿದಾಗ ಎಡಕ್ಕೆ ಎಂಟು, ಬಲಕ್ಕೆ ಹನ್ನೊಂದು, ನಡುವೆ ಒಂದು.

“ಇದೇನಮ್ಮ, ನಡುವೆ?”

“ಅದು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ರಿ. ಅರ್ಧಾ ಮೆತ್ತಗ, ಅರ್ಧಾ ಉರುಟು.”

“ನೋಡ್ರಿ,” ಎಂದರು ಕಟ್ಟಿಯವರು ಸಮಾಧಾನದಿಂದ. “ಅಂದಾಜು ಹೊಡಿಲಿಕ್ಕೆ ಹತ್ಯಾಳ. ಅರ್ಧಾ ಮೆತ್ತಗ ಅನ್ನೋದು ನನ್ನ ಹೊಲದಾಗ ಇಲ್ಲ.”

ನಂಜರಾಜಯ್ಯ ಜೇಬಿನಿಂದ ಪಟ್ಟಿ ತೆಗೆದು ಓದಿದರು. ಎಡಗಡೆಯ ಎಂಟೂ ಕ-೭. ಬಲಗಡೆಯಲ್ಲಿ ಎಂಟು ಹಳೆಯ ತಳಿಯವು. ಉಳಿದ ಮೂರು ಮತ್ತು ನಡುವಿನ ಒಂದು ಕೇಂದ್ರದ ಹೊಲದವೇ ಅಲ್ಲ. ಆಕೆ ಊಹಿಸಿ ಆರಿಸುತ್ತಾಳೆಯೇ ಎಂದು ಪರೀಕ್ಷಿಸಲು, ಬರುವ ದಾರಿಯಲ್ಲಿ ಹಳ್ಳದಾಚೆ ಒಬ್ಬ ರೈತನ ಹೊಲದಲ್ಲಿ ಕಾರು ನಿಲ್ಲಿಸಿ ಅವರು ಕಿತ್ತು ತಂದದ್ದು, ನಾಲ್ಕು ಬೇರೆ ಬೇರೆ ಗಿಡದ ಎಲೆಗಳು.

ಕಟ್ಟಿಯವರು ಕುರ್ಚಿಗಾಗಿ ತಡಕಾಡಿದರು.

“ಆ ಹೊಲ ಇಲ್ಲಿಂದ ಎಷ್ಟು ದೂರ ಸರ್?” ವತ್ಸಲಾ ಕೇಳಿದಳು.

“ಒಂದೂವರೆ ಕಿಲೋಮೀಟರ್. ಪರಾಗ ದಾಟದ ಹಾಗೆ ನಿಯಮದಲ್ಲಿ ಬಿಡೋ ಅಂತರ ನಾನೂರು ಮೀಟರ್.” ಅಧ್ಯಕ್ಷರು ನಡುವಿನ ಪೊಟ್ಟಣವನ್ನು ತಾವೇ ಮಡಚಿದರು. ಆದೇಶದ ಕರಡು ಮೇಜಿನ ತುದಿಯಲ್ಲಿತ್ತು. ಅದರ ಕಡೆ ಯಾರೂ ನೋಡಲಿಲ್ಲ. “ಅಮ್ಮಾ, ನೀವು ಕಾರಿನಲ್ಲಿ ಮುಂದೆ ಕೂತ್ಕೊಳಿ. ಯಂತ್ರ ಒಂಬತ್ತು ದಿನ ತಗೊಳ್ಳುತ್ತೆ. ನನಗೆ ಇವತ್ತೇ ಬೇಕು.”

ದಾರಿಯಲ್ಲಿ ನಂಜರಾಜಯ್ಯ 'ಅರ್ಧ ಮೆತ್ತಗೆ' ಎಂಬುದರ ಅರ್ಥ ಹೇಳಿದರು. ಕದ್ದ ಬೀಜವಾಗಿದ್ದರೆ ಪೂರ್ತಿ ಮೆತ್ತಗಿರಬೇಕಿತ್ತು. ಅರ್ಧ ಎಂದರೆ ಎರಡು ತಳಿ ಕೂಡಿ ಹುಟ್ಟಿದ ಸಂತಾನ. ಹೋದ ಹಂಗಾಮಿನಲ್ಲಿ ಜೇನ್ನೊಣ ಕೇಂದ್ರದ ಹೂವಿನ ಪರಾಗವನ್ನು ಹಳ್ಳದಾಚೆ ಹೊತ್ತೊಯ್ದಿದೆ. ಅಷ್ಟೇ ಆಗಿದ್ದರೆ ಇದು ಮೊದಲ ತಲೆಮಾರು. ಈ ಒಂದು ಹೊಲವನ್ನು ಹೂ ಬಿಡುವ ಮೊದಲೇ ಕಿತ್ತು ಸುಟ್ಟರೆ ಮುಗಿಯಿತು. ರೈತನಿಗೆ ಪರಿಹಾರ ಕೊಡಿಸಬಹುದು. ಆದರೆ ಪೂರ್ತಿ ಮೆತ್ತಗಿನ ಗಿಡವೂ ಅಲ್ಲಿ ಸಿಕ್ಕರೆ ಲೆಕ್ಕ ಬೇರೆ. ಅರ್ಧದ ಗಿಡ ಕಾಳು ಕಟ್ಟಿ, ಆ ಕಾಳನ್ನು ಮತ್ತೆ ಬಿತ್ತಿದಾಗ ಮಾತ್ರ, ನಾಲ್ಕರಲ್ಲಿ ಒಂದು ಪೂರ್ತಿ ಮೆತ್ತಗೆ ಬರುತ್ತದೆ. ಅಂದರೆ ಜೀನ್ ಬೇಲಿ ದಾಟಿ ಎರಡು ವರ್ಷವಾಗಿದೆ ಎಂದು.

ಹೊಲ ರಾಜೇಸಾಬ ನದಾಫನದು. ನಾಲ್ಕೆಕರೆ. ಬದುವಿನ ಮೇಲೆ ಕೂತಿದ್ದವನು ಕಾರು ಕಂಡು ಎದ್ದು ಬಂದ. ಮುಂಜಾನೆ ನಾಲ್ಕು ಎಲೆ ಕಿತ್ತುಕೊಂಡು ಹೋದ ಸಾಹೇಬರು ಇಷ್ಟು ಮಂದಿಯನ್ನು ಕಟ್ಟಿಕೊಂಡು ಮರಳಿ ಬಂದದ್ದು ಅವನಿಗೆ ಸರಿ ಕಾಣಲಿಲ್ಲ.

“ಎಲಿ ತಗೊಂಡಿದ್ದಕ್ಕ ನಾ ಏನೂ ಅಂದಿಲ್ರಿ,” ಎಂದ ಕೈ ಮುಗಿದು.

ಫಕೀರವ್ವ ಮುಂದೆ, ಉಳಿದವರು ಹಿಂದೆ. ಅವಳು ಸಾಲಿನುದ್ದಕ್ಕೂ ಬಾಗಿ ಗಿಡದಿಂದ ಗಿಡಕ್ಕೆ ಬೆರಳಾಡಿಸುತ್ತ ನಡೆದಳು. ಉರುಟು, ಉರುಟು, ಉರುಟು. ಮೂರನೆಯ ಸಾಲಿನಲ್ಲಿ ಒಂದು ಅರ್ಧ. ನಾಲ್ಕನೆಯದರಲ್ಲಿ ಎರಡು. ವತ್ಸಲಾ ಅವುಗಳ ಬುಡಕ್ಕೆ ಕಡ್ಡಿ ಚುಚ್ಚುತ್ತ ಬಂದಳು. ಪ್ರತಿ ಕಡ್ಡಿಗೂ ಅವಳಿಗೆ ಸ್ವಲ್ಪ ಸಮಾಧಾನವೇ ಆಗುತ್ತಿತ್ತು. ಅರ್ಧ ಎಂದರೆ ಮೊದಲ ತಲೆಮಾರು, ಒಂದು ಹೊಲ, ಒಂದು ಬೆಂಕಿ.

ಏಳನೆಯ ಸಾಲಿನಲ್ಲಿ ಫಕೀರವ್ವ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಒಂದು ಗಿಡದ ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು, ಬಿಟ್ಟು, ಪಕ್ಕದ್ದನ್ನು ಹಿಡಿದು, ಮತ್ತೆ ಮೊದಲಿನದಕ್ಕೆ ಬಂದಳು.

“ಮೇಡಮ್ಮಾರ, ಇದು ನಿಮ್ಮದು. ಪೂರಾ ನಿಮ್ಮದು.”

ಕಟ್ಟಿಯವರು ಹಿಂದಿನಿಂದ ಬಂದು ಅವಳ ಪಕ್ಕ ಮಂಡಿಯೂರಿದರು. ಕೈಗವಸು ಇರಲಿಲ್ಲ. ಹದಿನಾಲ್ಕು ವರ್ಷ ಸಾಕಿದ ಗಿಡದ ಎಳೆ ಎಲೆಯನ್ನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲ ಸಲ. ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. ಚುಚ್ಚಲಿಲ್ಲ. ಇನ್ನೊಮ್ಮೆ ಎಳೆದರು.

ನಂಜರಾಜಯ್ಯ ರಾಜೇಸಾಬನ ಕಡೆ ತಿರುಗಿದರು. “ಬೀಜ ಎಲ್ಲಿಂದ ತಂದಿರಿ ಸಾಹೇಬ್ರೇ?”

“ತಂದಿಲ್ರಿ, ಮನಿ ಬೀಜ. ಪ್ರತಿ ವರ್ಷ ರಾಶಿಯಾಗಿಂದ ತಗದ ಇಟ್ಕೊಂತೀವಿ.” ಇಷ್ಟಕ್ಕೇ ಇವರು ಬಂದದ್ದು ಎಂದು ತಿಳಿದು ಅವನ ಮುಖ ಸಡಿಲಾಯಿತು. “ಹ್ವಾದ ವರ್ಷ ಈ ಸಾಲಿನ್ಯಾಗ ಕೆಲವು ಗಿಡಾ ಚಲೋ ಬಂದಿದ್ವು. ಕಾಳು ಹೆಚ್ಚೇನಿಲ್ರಿ, ಎಲ್ಲಾದರಷ್ಟ. ಆದ್ರ ಪಲ್ಲೇಕ ಭಾರಿ. ನಮ್ಮಾಕಿ ಅವುನ ಗುರ್ತು ಹಿಡದು ಅವುಗಳ ಕಾಳು ಬ್ಯಾರೇನ ಇಟ್ಟಿದ್ಲು.”

“ಅದನ್ನ ನೀವು ಮಾತ್ರ ಬಿತ್ತಿದ್ರಾ?”

“ಅದೆಂಗ್ ಆಗತೈತ್ರಿ?” ರಾಜೇಸಾಬ ಆ ಪ್ರಶ್ನೆಗೇ ನಕ್ಕುಬಿಟ್ಟ. “ಎಣ್ಣಿ ಇಲ್ಲದ ಕಾಲ, ಎಲ್ಲಾರ ಮನ್ಯಾಗೂ ಪಲ್ಲೇನ. ಒಬ್ರು ತಿಂದು ಇನ್ನೊಬ್ರಿಗೆ ಹೇಳಿದ್ರು. ಬೀಜ ಕೇಳಾಕ ಬಂದವರಿಗೆ ಇಲ್ಲ ಅನ್ನಾಕ ಬರ್ತೈತೇನ್ರಿ? ಒಂದೊಂದು ಹಿಡಿ ಕೊಟ್ಟೀವಿ. ನಮ್ಮೂರಾಗ ಆರು ಮನಿ.”

“ನಿಮ್ಮೂರಲ್ಲಿ ಆರು,” ಎಂದರು ನಂಜರಾಜಯ್ಯ. ವತ್ಸಲಾ ಚೀಲದಿಂದ ವಹಿ ತೆಗೆದಳು.

“ಆಮ್ಯಾಲ ಹೊರಗಿನವ್ರು,” ಎಂದ ರಾಜೇಸಾಬ. ಹೆಬ್ಬೆಟ್ಟನ್ನು ಕಿರುಬೆರಳಿನ ಕೆಳಗಿನ ಗೆರೆಯ ಮೇಲಿಟ್ಟು, ಒಂದು ಹೆಸರೂ ಬಿಟ್ಟುಹೋಗಬಾರದೆಂಬಂತೆ ಕಣ್ಣು ಸಣ್ಣದು ಮಾಡಿ, ಊರಿನ ಹೆಸರು ಹೇಳುತ್ತ ಒಂದೊಂದೇ ಗೆರೆ ಮೇಲಕ್ಕೆ ಸರಿಸತೊಡಗಿದ. ವತ್ಸಲಾ ಬರೆಯುತ್ತ ಹೋದಳು. ಅವಳು ಪುಟ ತಿರುವುವಾಗ ಅವನು ಎಡಗೈ ಮುಗಿಸಿ ಬಲಗೈ ಬಿಚ್ಚಿದ.